ಗೊರಕೆಯ ಕಡೇ ಗಂಟೆ

ದೀಪ ಸ್ವಲ್ಪ ತಗ್ಗಿಸಿ. ಬಾಗಿಲು ಹಾಗೇ ಇರಲಿ... ಗಾಳಿಗೆ ಬಡಿದರೆ ಯಾರೂ ಬೆಚ್ಚಬೇಡಿ, ಅದು ಬಾಗಿಲೇ.

ಇದು ನಮ್ಮ ದೊಡ್ಡಮ್ಮನ ಮಗಳಿಗೆ ಆದದ್ದು. ಕತೆ ಕಟ್ಟುವುದು ನನ್ನ ಕಸುಬಲ್ಲ. ಬಂದರಿನ ಬೀದಿಯಲ್ಲಿ ಹಗ್ಗ, ಬಣ್ಣ, ಮೊಳೆ ಮಾರಿಕೊಂಡೇ ತಲೆ ನೆರೆತವನು ನಾನು. ಸುಳ್ಳು ಹೇಳುವುದಾದರೆ ಲಾಭ ಇರುವ ಕಡೆ ಹೇಳುತ್ತೇನೆ. ಇದರಲ್ಲಿ ಲಾಭವಿಲ್ಲ.

ಅವಳನ್ನು ಬಂದರಿನಲ್ಲಿ ಎಲ್ಲರೂ ಕೆಂಡಕ್ಕ ಅನ್ನುತ್ತಾರೆ. ಬಾಯ್ಲರ್ ರಿಪೇರಿ ಅವಳ ಕೆಲಸ, ಹುಬ್ಬು ಸುಟ್ಟುಕೊಳ್ಳುವುದು ಅವಳ ಅಭ್ಯಾಸ. ಹಿಡಿದ ಹಟ ಬಿಡುವವಳಲ್ಲ. ಆ ಹಟವೆಲ್ಲ ಆಗ ಒಂದು ಹಳೇ ಹಡಗಿನ ಮೇಲೆ ಕೂತಿತ್ತು. ಕಲ್ಲಿದ್ದಲಿನ ಬೆಂಕಿಯಿಂದ, ಉಗಿಯ ಬಲದಿಂದ ಈ ದಡದಿಂದ ಆ ದಡಕ್ಕೆ ಜನ ಸಾಗಿಸುತ್ತಿದ್ದ ಫೆರಿ ಅದು. ಎಂಜಿನ್ ತಿರುಗುವಾಗ ಉಂಡು ಮಲಗಿದ ಗಂಡಸಿನ ಹಾಗೆ ಗೊರ್... ಗೊರ್... ಅನ್ನುತ್ತಿತ್ತು. ಅದಕ್ಕೇ ಊರವರು ಅದನ್ನು ‘ಗೊರಕೆ’ ಅಂತ ಕರೆದರು. ಗಿರಣಿ ಕೆಲಸಕ್ಕೆ ಹೋಗುವವರು ಅದರಲ್ಲೇ ಹೋದರು, ಹೆರಿಗೆ ನೋವು ಬಂದವರು ಅದರಲ್ಲೇ ಹೋದರು, ಕಡೆಗೆ ಹೆಣಗಳೂ ಅದರಲ್ಲೇ ಹೋದವು. ಆಮೇಲೆ ಸೇತುವೆ ಬಂತು. ಗೊರಕೆ ಧಕ್ಕೆಯ, ಅಂದರೆ ಹಡಗು ಕಟ್ಟುವ ಕಟ್ಟೆಯ, ಮೂಲೆಗೆ ಬಿತ್ತು.

ಕೆಂಡಕ್ಕ ಮತ್ತು ಹಳೇ ಹಡಗಿನ ಕೆಲಸದವರು ವರ್ಷಗಟ್ಟಲೆ ಭಾನುವಾರ ಭಾನುವಾರ ಹೋಗಿ ತುಕ್ಕು ಕೆರೆದರು, ತಗಡು ಬದಲಿಸಿದರು, ಬಾಯ್ಲರಿನ ಕೊಳವೆ ಒಂದೊಂದನ್ನೇ ಕಿತ್ತು ಹೊಸದು ಕೂರಿಸಿದರು. ನಾನು ಆಗಲೇ ಹೇಳಿದ್ದೆ, ‘ಅಕ್ಕಾ, ಆನೆ ಇದ್ದರೂ ಸಾವಿರ ಸತ್ತರೂ ಸಾವಿರ ಅಂತಾರೆ. ಇದು ಸತ್ತರೇ ಸಾವಿರ. ಗುಜರಿಗೆ ಹಾಕು.’ ಅವಳು ನನ್ನ ಅಂಗಡಿಯಿಂದ ಬಣ್ಣದ ಡಬ್ಬ ಎತ್ತಿಕೊಂಡು, ‘ನೀನು ಸತ್ತರೆ ತೂಕಕ್ಕೆ ಹಾಕಿ ನೋಡ್ತೀನಿ’ ಅಂತ ಹೇಳಿ ಹೋಗಿದ್ದಳು.

ಬಂದರು ಕಚೇರಿಯವರು ಕಡೆಗೊಂದು ದಿನ ಗೊತ್ತು ಮಾಡಿದರು. ಆ ಬೆಳಿಗ್ಗೆ ಗೊರಕೆ ತನ್ನದೇ ಉಗಿಯಲ್ಲಿ ಆಚೆ ದಡಕ್ಕೆ ಹೋಗಬೇಕು, ಅಲ್ಲಿ ಕಟ್ಟಬೇಕು, ವಾಪಸು ಬರಬೇಕು. ಬಾಯ್ಲರ್ ಇನ್ಸ್‌ಪೆಕ್ಟರ್ ಹಡಗಿನಲ್ಲೇ ಇರುತ್ತಾನೆ. ಆದರೆ ಸರಿ. ಆಗದಿದ್ದರೆ ಗುಜರಿಯವನ ಟಗ್ ದೋಣಿ ಬಂದು ಎಳೆದುಕೊಂಡು ಹೋಗುತ್ತೆ. ಟಗ್ ಹಿಂದಿನ ಸಂಜೆಯೇ ಬಂದು ಪಕ್ಕದಲ್ಲಿ ನಿಂತಿತ್ತು. ಹೆಣ ಬೀಳುವ ಮೊದಲೇ ಹೊರುವವರು ಬಂದು ಕೂತ ಹಾಗೆ.

ತಣ್ಣಗಿರುವ ಬಾಯ್ಲರಿಗೆ ಒಮ್ಮೆಲೇ ಬೆಂಕಿ ಕೊಡುವಂತಿಲ್ಲ. ಕಬ್ಬಿಣ ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಹಿಗ್ಗದೆ ಬಿರಿಯುತ್ತೆ. ಮಗುವಿಗೆ ಉಣಿಸಿದ ಹಾಗೆ ತುತ್ತು ತುತ್ತಾಗಿ ಕಲ್ಲಿದ್ದಲು ಹಾಕಬೇಕು, ಇಡೀ ರಾತ್ರಿ. ಆ ರಾತ್ರಿ ಕೆಂಡಕ್ಕ ಬೆಂಕಿ ಹದಕ್ಕೆ ತಂದು, ನಮ್ಮ ಮಾವನನ್ನು ಕಾವಲಿಗೆ ಕೂರಿಸಿ, ಒಂದು ತುತ್ತು ತಿಂದು ಬರೋಣ ಅಂತ ಮನೆ ಕಡೆ ಹೊರಟಳು. ಮಾವ ಅಂದರೆ ಅವಳ ತಾಯಿಯ ತಮ್ಮ, ನನ್ನ ತಾಯಿಯ ಅಣ್ಣ. ಗೊರಕೆಯ ಡೆಕ್ಕಿನ ಮೇಲೆ ಹಗ್ಗ ಎಸೆದು, ಸುತ್ತಿ, ಎಳೆದೇ ಬದುಕು ಸವೆಸಿದವನು. ಹಗ್ಗದ ಮಾವ ಅಂತಲೇ ಹೆಸರು.

ಧಕ್ಕೆಯಿಂದ ಮನೆಗೆ ಕಲ್ಲಿದ್ದಲು ಅಂಗಳದ ಮೇಲೆ ದಾರಿ. ಅಲ್ಲಿ ಒಂದು ಬಾವಿ. ಹಿಂದೆ ಹಡಗುಗಳಿಗೆಲ್ಲ ಅದರ ನೀರೇ. ಈಗ ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಬಾವಿ ದಾಟುವಾಗ ಅವಳ ಕಿವಿಗೆ ಬಿತ್ತು...

ಠಣ್... ಠಣ್.

ಬಾವಿಯ ಒಳಗಿಂದ ಬಂದ ಹಾಗಿತ್ತು. ನಿಂತಳು. ಜಾಲರಿಯ ಮೇಲೆ ಬಗ್ಗಿದಳು. ನೀರು ಕಪ್ಪಗೆ, ಸುಮ್ಮನೆ.

ಠಣ್... ಠಣ್.

ಈ ಸಲ ತಿಳಿಯಿತು. ಸದ್ದು ಬಾವಿಯದ್ದಲ್ಲ, ಅದು ಬರೀ ಪ್ರತಿಧ್ವನಿ. ಸದ್ದು ಬರುತ್ತಿದ್ದದ್ದು ಧಕ್ಕೆಯಿಂದ. ಹಿತ್ತಾಳೆಯ ಸದ್ದು. ಎಂಜಿನ್ ರೂಮಿನ ಗಂಟೆ.

ಆ ಗಂಟೆ ಏನು ಅಂತ ಹೇಳಿಬಿಡುತ್ತೇನೆ. ಮೇಲೆ ಚುಕ್ಕಾಣಿ ಕೋಣೆಯಲ್ಲಿ ಒಂದು ಹಿತ್ತಾಳೆ ಡಬ್ಬ, ಕೆಳಗೆ ಎಂಜಿನ್ ರೂಮಿನಲ್ಲಿ ಅಂಥದ್ದೇ ಇನ್ನೊಂದು. ಎರಡಕ್ಕೂ ಗಡಿಯಾರದ ಹಾಗೆ ಮುಳ್ಳು, ನಡುವೆ ತಂತಿಯ ಸಂಬಂಧ. ಕ್ಯಾಪ್ಟನ್ ಮೇಲೆ ಹಿಡಿಕೆ ತಿರುಗಿಸಿದರೆ ಕೆಳಗೆ ಗಂಟೆ ಹೊಡೆದು ಮುಳ್ಳು ತೋರಿಸುತ್ತೆ: ನಿಧಾನ ಮುಂದೆ, ಪೂರ್ತಿ ಮುಂದೆ, ನಿಲ್ಲಿಸು, ಹಿಂದೆ. ಕೆಳಗಿನವನು ತನ್ನ ಹಿಡಿಕೆಯನ್ನು ಅದೇ ಗುರುತಿಗೆ ತಂದು ಉತ್ತರ ಕೊಡಬೇಕು. ಉತ್ತರ ಕೊಟ್ಟ ಮೇಲೆಯೇ ಅದು ಆಜ್ಞೆ. ಕೊಡುವವರೆಗೆ ಬರೀ ಸದ್ದು. ಅಂಚಿನಲ್ಲಿ ಕಡೇ ಗುರುತು ಒಂದಿದೆ: ಎಂಜಿನ್ ಕೆಲಸ ಮುಗಿಯಿತು. ಅದಕ್ಕೆ ಉತ್ತರ ಕೊಟ್ಟರೆ ಬೆಂಕಿ ಇಳಿಸಲೇಬೇಕು.

ಕೆಂಡಕ್ಕನ ಮೈ ತಣ್ಣಗಾದದ್ದು ಗಂಟೆ ಕೇಳಿ ಅಲ್ಲ. ಗಂಟೆಯ ತಂತಿ ತುಕ್ಕು ಹಿಡಿದು ಹೋಗಿತ್ತು ಅಂತ ಆ ವಾರವೇ ಅವಳು ತನ್ನ ಕೈಯಾರೆ ಬಿಚ್ಚಿದ್ದಳು. ತಂತಿ ಅವಳ ಷೆಡ್ಡಿನಲ್ಲಿ, ಸೀಮೆಎಣ್ಣೆ ತುಂಬಿದ ತೊಟ್ಟಿಯಲ್ಲಿ ಬಿದ್ದಿತ್ತು.

ಊಟ ಅಲ್ಲಿಗೇ ಬಿಟ್ಟು ತಿರುಗಿದಳು. ಹಗ್ಗದ ಮಾವ ಡೆಕ್ಕಿನ ಮೇಲೆ ಹಗ್ಗದ ಸುರುಳಿಯ ನಡುವೆ ಕೂತಿದ್ದ, ಗೂಡಿನಲ್ಲಿ ಕೂತ ಕೋಳಿಯ ಹಾಗೆ.

‘ಮಾವ... ಗಂಟೆ ಹೊಡೆದಿದ್ದು ಯಾರು?’

‘ಯಾವ ಗಂಟೆ?’

‘ಕೇಳಿಸ್ಲಿಲ್ವಾ?’

‘ಕೇಳಿಸ್ತು. ಅದಕ್ಕೇ ಯಾವ ಗಂಟೆ ಅಂದೆ.’

‘ಮೇಲೆ ಯಾರಾದ್ರೂ ಹತ್ತಿದ್ರಾ?’

‘ಚುಕ್ಕಾಣಿ ಕೋಣೆಗೆ ಬೀಗ ಇದೆ. ಕೀ ನಿನ್ನ ಸೊಂಟದಲ್ಲಿದೆ.’ ಮಾವ ಸ್ವರ ಇನ್ನೂ ಇಳಿಸಿದ. ‘ಬಿಳಿಕೋಟು ಬಂದಿದ್ದಾನೆ ಕಣೇ.’

‘ಕೆಳಗೆ ಬಾ, ಇಬ್ಬರೂ ನೋಡೋಣ.’

‘ನಾನು ಡೆಕ್ಕಿನ ಮನುಷ್ಯ. ಕೆಳಗಿನದು ನಿಮ್ಮಪ್ಪಂದು.’

ಕಬ್ಬಿಣದ ಏಣಿ ಇಳಿದಳು. ಕೆಳಗೆ ಒಲೆಯ ಬಾಗಿಲಿನ ಸಂದಿಯಿಂದ ಬರುವ ಕೆಂಪು ಬೆಳಕು, ಬಿಸಿ ಎಣ್ಣೆಯ ವಾಸನೆ. ಮುಳ್ಳು ನೋಡಿದಳು. ಅದು ಅಂಚಿನ ಕಡೇ ಗುರುತಿನ ಮೇಲೆ ನಿಂತಿತ್ತು.

ಬಿಳಿಕೋಟು ಅಂದರೆ ಗೊರಕೆಯ ಕ್ಯಾಪ್ಟನ್. ಬಿಳೀ ಕೋಟು, ಬಿಳೀ ಷೂಸು. ಕೋಟಿಗೆ ಮಸಿ ತಾಗೀತು ಅಂತ ಎಂಜಿನ್ ರೂಮಿಗೆ ಇಳಿದವನಲ್ಲ, ಕೈ ಒರಟಾದೀತು ಅಂತ ಹಗ್ಗ ಮುಟ್ಟಿದವನಲ್ಲ. ಆದರೆ ನಿಯಮ ಅಂದರೆ ನಿಯಮ. ಸೇತುವೆ ತೆರೆದ ದಿನ ಗೊರಕೆಯ ಕಡೇ ಸವಾರಿ ಮುಗಿದ ಮೇಲೆ ಅವನು ಕಡೇ ಗಂಟೆ ಹೊಡೆದ. ಕೆಳಗೆ ಎಂಜಿನ್ ನೋಡಿಕೊಳ್ಳುತ್ತಿದ್ದವನು ಕೆಂಡಕ್ಕನ ಅಪ್ಪ, ನನ್ನ ದೊಡ್ಡಪ್ಪ. ಬಡ್ಡಿ ಸಮೇತ ಹಟಮಾರಿ. ಅವನು ಉತ್ತರ ಕೊಡಲಿಲ್ಲ. ಕೈ ತೊಳೆದ, ಅಂಗಿ ಹಾಕಿಕೊಂಡ, ಏಣಿ ಹತ್ತಿ ಮನೆಗೆ ಬಂದ. ಬೆಂಕಿ ತಾನಾಗಿ ಆರಿತು. ಬಿಳಿಕೋಟು ಕತ್ತಲಾಗುವ ತನಕ ಮೇಲೆ ಉತ್ತರಕ್ಕೆ ಕಾದು ನಿಂತಿದ್ದನಂತೆ. ಹಾಗಂತ ಅವನೇನು ಅಲ್ಲೇ ಬಿದ್ದು ಸಾಯಲಿಲ್ಲ. ಸುಮಾರು ವರ್ಷ ಆದ ಮೇಲೆ ಮನೆಯ ಮಂಚದ ಮೇಲೆ, ಕೆಮ್ಮಿ ಸತ್ತ. ದೆವ್ವವಾಗುವಂಥ ಸಾವಲ್ಲ. ಆದರೂ...

ಕೆಂಡಕ್ಕ ಮುಳ್ಳಿಗೆ ಬೆನ್ನು ಹಾಕಿ ಒಲೆಗೆ ಕಲ್ಲಿದ್ದಲು ಎಸೆದಳು. ಗೋಡೆಯಲ್ಲಿ ಮಾತಿನ ಕೊಳವೆ ಇತ್ತು. ಚುಕ್ಕಾಣಿ ಕೋಣೆಯಿಂದ ಕೆಳಕ್ಕೆ ಮಾತಾಡಲು ಇಟ್ಟ ಹಿತ್ತಾಳೆಯ ಕೊಳವೆ, ಬಾಯಿಗೆ ಪೀಪಿ ಸಿಕ್ಕಿಸಿರುತ್ತಾರೆ. ಮೇಲಿನವರು ಊದಿದರೆ ಕೆಳಗೆ ಪೀಪಿ ಕೂಗುತ್ತೆ.

ಸ್ವೀ...

ಪೀಪಿ ಕಿತ್ತಳು. ಕೊಳವೆಯಿಂದ ತಣ್ಣನೆ ಗಾಳಿ ಬಂತು. ಆ ಬಿಸಿಯಲ್ಲಿ ತಣ್ಣನೆ ಗಾಳಿ.

‘ಎಂಜಿನ್ ರೂಮ್...’ ಪಿಸುಮಾತು. ‘ಉತ್ತರ ಬಂದಿಲ್ಲ.’

‘ಬರೋದೂ ಇಲ್ಲ.’

‘ಮಾತಾಡ್ತಿರೋದು ಯಾರು?’

‘ಮಗಳು.’

‘ಅಪ್ಪನ್ನ ಕರಿ.’

‘ಅಪ್ಪ ಸತ್ತು ಎಷ್ಟೋ ವರ್ಷ ಆಯ್ತು. ನಿಮ್ಮ ಕಡೆನೇ ಇರಬೇಕು, ಕೇಳ್ಕೊಳ್ಳಿ.’

‘ಕೇಳಿದೆ... ಕೊಡಲ್ಲ ಅಂದ.’

ಕೆಂಡಕ್ಕನಿಗೆ ಆ ಹೆದರಿಕೆಯ ನಡುವೆಯೂ ನಗು ಬಂತು. ಅವಳೇ ಹೇಳಿದ್ದು.

‘ಅಪ್ಪ ಕೊಡದ್ದನ್ನ ನಾನ್ಯಾಕೆ ಕೊಡ್ಲಿ?’

‘ಉತ್ತರ ಬರದೆ ನಾನು ಇಳಿಯೋ ಹಾಗಿಲ್ಲ. ನಿಯಮ... ನಿಂತು ನಿಂತು ಕಾಲು ನೋಯ್ತಿದೆ.’

ಅವಳಿಗೆ ಪಾಪ ಅನ್ನಿಸಿತು, ಇಲ್ಲ ಅನ್ನುವುದಿಲ್ಲ. ಹಿಡಿಕೆ ಕೈಗೆ ಎಟುಕುವಷ್ಟೇ ದೂರ. ಒಂದು ಸಲ ತಿರುಗಿಸಿದರೆ ಮುಗಿಯಿತು, ಅವನು ಅವನ ದಾರಿ ಹಿಡಿಯುತ್ತಾನೆ. ಆದರೆ ಉತ್ತರ ಕೊಟ್ಟು ಬೆಂಕಿ ಉಳಿಸಿಕೊಳ್ಳುವುದು ಅವಳ ಅಪ್ಪನ ಕೈಯಲ್ಲಿ ಕೆಲಸ ಕಲಿತವರ ಲೆಕ್ಕದಲ್ಲಿ ಮೋಸ. ಸತ್ತವನಿಗೂ ಮಾಡಬಾರದ ಮೋಸ.

‘ಕೊಟ್ರೆ ಬೆಂಕಿ ಇಳಿಸ್ಬೇಕು,’ ಅಂದಳು. ‘ಇಳಿಸಿದ್ರೆ ಬೆಳಿಗ್ಗೆ ಗೊರಕೆ ಗುಜರಿಗೆ ಹೋಗುತ್ತೆ.’

‘ಹೋಗ್ಲಿ... ಎಲ್ಲಾ ಹೋಗುತ್ತೆ.’

ಇಲ್ಲಿ ಅವಳಿಗೆ ಸಿಟ್ಟು ನೆತ್ತಿಗೇರಿತು. ‘ನೀವು ಹೋಗಿದ್ದೀರಲ್ಲ, ಅಷ್ಟು ಸಾಕು. ಊರವರನ್ನೆಲ್ಲ ಜೊತೆಗೆ ಕರೀಬೇಡಿ. ಕಾಲು ನೋಯ್ತಿದ್ರೆ ಕೂತ್ಕೊಳ್ಳಿ. ಬೇಜಾರಾದ್ರೆ ಕೆಲಸ ಮಾಡಿ. ಈ ಹಡಗಲ್ಲಿ ಈಗ ಸಂಬಳ ತಗೊಳ್ಳೋರು ಯಾರೂ ಇಲ್ಲ, ಬಿಟ್ಟಿ ಕೂರೋರೂ ಇಲ್ಲ. ಬೆಳಿಗ್ಗೆ ನಮಗೆ ಆಳು ಕಮ್ಮಿ.’

‘ನಾನು ಕ್ಯಾಪ್ಟನ್.’

‘ಆಗಿದ್ರಿ.’

ಅಂದವಳೇ ಎಣ್ಣೆ ಒರೆಸುವ ಹತ್ತಿಯ ಉಂಡೆ ತೆಗೆದು ಕೊಳವೆಯ ಬಾಯಿಗೆ ತುರುಕಿದಳು. ಹೆಬ್ಬೆರಳಿನಿಂದ ಒತ್ತಿ ಒತ್ತಿ.

ಆಗ ಶುರುವಾಯಿತು.

ಠಣ್ ಠಣ್ ಠಣ್ ಠಣ್... ಗಂಟೆ ಬಿಡದೆ ಹೊಡೆಯಿತು. ಹಿಂದೆಯೇ ಚಿಮಣಿಯ ಬುಡದಲ್ಲಿ ಧಡ್ ಅಂತ ಒಂದು ಸದ್ದು. ಹೊಗೆ ಹೋಗುವ ದಾರಿಗೆ ಒಂದು ಕಬ್ಬಿಣದ ಬಾಗಿಲು ಇರುತ್ತೆ. ಸರಪಳಿ ಎಳೆದು ಕೊಕ್ಕೆಗೆ ಹಾಕಿದರೆ ತೆರೆದಿರುತ್ತೆ, ಬಿಟ್ಟರೆ ಮುಚ್ಚಿಕೊಳ್ಳುತ್ತೆ. ಅದು ಮುಚ್ಚಿತ್ತು. ಕೊಕ್ಕೆಯಿಂದ ಸರಪಳಿಯನ್ನು ಯಾರೋ ಎತ್ತಿ ಬಿಟ್ಟ ಹಾಗೆ. ಹೊಗೆ ಹಿಂದಕ್ಕೆ ಉಕ್ಕಿ ಕೋಣೆ ತುಂಬಿತು. ಉಗಿಯ ಒತ್ತಡ ತೋರಿಸುವ ಮುಳ್ಳು ನಡುಗಿ ನಡುಗಿ ಇಳಿಯತೊಡಗಿತು. ಒತ್ತಡ ಬಿದ್ದರೆ ಬೆಳಗಾಗುವುದರೊಳಗೆ ಮತ್ತೆ ಏರಿಸಲು ಹೊತ್ತಿಲ್ಲ.

ಸರಪಳಿ ಎಳೆದು ಕೊಕ್ಕೆಗೆ ಹಾಕಿದಳು. ಒಂದು ಸಲಿಕೆಯಷ್ಟು ಕಲ್ಲಿದ್ದಲು ಹಾಕುವುದರೊಳಗೆ... ಧಡ್. ಮತ್ತೆ ಹಾಕಿದಳು, ತಂತಿ ಸುತ್ತಿ ಬಿಗಿದಳು. ತಂತಿ ಕಿರ್ರ್... ಅಂದು ಟಕ್ ಅಂತ ಹರಿಯಿತು. ಧಡ್.

ಮೇಲಿನ ಕಿಂಡಿಯಲ್ಲಿ ಮಾವನ ಮುಖ ಕಾಣಿಸಿತು. ‘ಏನಾದ್ರೂ ಬೇಕೇನಮ್ಮ?’

‘ನೀನು ಬೇಕು. ಇಳಿ.’

‘ಅದೊಂದು ಬಿಟ್ಟು ಏನಾದ್ರೂ?’

ಅವಳು ಮತ್ತೆ ಕೇಳಲಿಲ್ಲ. ಸರಪಳಿ ಎಳೆದು ತನ್ನ ಸೊಂಟಕ್ಕೇ ಸುತ್ತಿ ಗಂಟು ಹಾಕಿಕೊಂಡಳು. ಒಲೆಯ ಕಡೆ ಮುಖ ಮಾಡಿ ಕಾಲು ಊರಿ ನಿಂತಳು. ಬೆನ್ನ ಹಿಂದಿನಿಂದ ಅದು ಎಳೆಯುತ್ತಿತ್ತು. ಜಗ್ಗಿದ್ದಲ್ಲ... ಮನುಷ್ಯ ಎಳೆದ ಹಾಗೆ, ಎಳೆದು, ನಿಂತು, ಉಸಿರು ತಗೊಂಡು, ಮತ್ತೆ ಎಳೆದ ಹಾಗೆ. ಅವಳು ಒಂದು ಹೆಜ್ಜೆ ಹಿಂದೆ ಜಾರುವಳು, ಗೊಣಗುತ್ತ ಒಂದು ಹೆಜ್ಜೆ ಮುಂದೆ ಬರುವಳು, ಸಲಿಕೆ ತುಂಬುವಳು, ಎಸೆಯುವಳು. ಗಂಟೆ ಹೊಡೆಯುತ್ತಲೇ ಇತ್ತು.

‘ಎಳೀರಿ, ಎಳೀರಿ,’ ಅಂದಳಂತೆ. ‘ಬದುಕಿದ್ದಾಗ ಒಂದು ಹಗ್ಗ ಎಳೆದೋರಲ್ಲ. ಈಗಲಾದ್ರೂ ಕಲೀರಿ.’

ಬೆಳಕು ಹರಿಯುವ ಹೊತ್ತಿಗೆ ಸರಪಳಿ ಸಡಿಲವಾಯಿತು. ಗಂಟೆ ನಿಂತಿತು. ನಿಂತ ಮೇಲಿನ ಆ ಮೌನ ಇದೆಯಲ್ಲ... ಅದಕ್ಕೇ ಅವಳಿಗೆ ಹೆಚ್ಚು ಭಯ ಆದದ್ದಂತೆ. ಆಮೇಲೆ ಮೇಲೆ ಉಗಿಯ ಕವಾಟ ತಾನಾಗಿ ತೆರೆದುಕೊಂಡು ಬುಸ್ಸ್... ಅಂತು. ಒತ್ತಡ ಪೂರ್ತಿ ಏರಿತ್ತು. ಅವಳ ಸೊಂಟದ ಸುತ್ತ ಸರಪಳಿಯ ಕೊಂಡಿ ಕೊಂಡಿಯ ಅಚ್ಚು ಬಿದ್ದಿತ್ತು. ನಮ್ಮ ಮನೆಯ ಹೆಂಗಸರು ಎಣ್ಣೆ ಹಚ್ಚಿದ್ದಾರೆ, ಕೇಳಿ ನೋಡಿ.

ಬೆಳಿಗ್ಗೆ ಮಂಜು. ಇನ್ಸ್‌ಪೆಕ್ಟರ್ ಬಂದ. ಹೆಚ್ಚು ಮಾತಿಲ್ಲದ ಮನುಷ್ಯ, ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ ಕಿವಿಗೊಟ್ಟ, ತಲೆ ಆಡಿಸಿದ. ಚುಕ್ಕಾಣಿಗೆ, ಬಂದರಿನೊಳಕ್ಕೆ ಹಡಗು ನಡೆಸಿ ತರುತ್ತಿದ್ದ ನಿವೃತ್ತ ಪೈಲಟ್ ಒಬ್ಬ ಬಂದ. ರಾತ್ರಿಯ ಸುದ್ದಿ ಕೆಂಡಕ್ಕ ಎತ್ತಲಿಲ್ಲ, ಮಾವನೂ ಎತ್ತಲಿಲ್ಲ. ದೆವ್ವ ಇರುವ ಬಾಯ್ಲರಿಗೆ ಯಾರು ಪರವಾನಗಿ ಕೊಡುತ್ತಾರೆ?

ಗೊರ್... ಗೊರ್... ಗೊರಕೆ ಧಕ್ಕೆ ಬಿಟ್ಟಿತು. ನಾನು ಅಂಗಡಿಯ ಬಾಗಿಲಲ್ಲಿ ನಿಂತಿದ್ದೆ. ಪಕ್ಕದ ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡವನೂ ಎದ್ದು ಬಂದಿದ್ದ. ಹಿಂದೆಯೇ ಗುಜರಿಯವನ ಟಗ್ ಹೊರಟಿತು, ಎಂಜಿನ್ ಕೆಟ್ಟರೆ ಅಲ್ಲಿಂದಲೇ ಎಳೆದುಕೊಂಡು ಹೋಗೋಣ ಅಂತ.

ಎಂಜಿನ್ ಕೆಡಲಿಲ್ಲ. ನಡುನೀರು ದಾಟಿತು. ಆಗ ಕೊಳವೆಯಲ್ಲಿ ಪೈಲಟ್ ದನಿ ಬಂತು. ಹತ್ತಿ ಕಿತ್ತು ಹಾಕಿದ್ದಳು.

‘ಅಕ್ಕೋ, ಆಚೆ ಧಕ್ಕೆಯಲ್ಲಿ ಹಗ್ಗ ಹಿಡಿಯೋಕೆ ಯಾರನ್ನ ಕಳಿಸಿದ್ದೀರಿ?’

ಕೆಂಡಕ್ಕ ಸಲಿಕೆ ಕೆಳಗಿಟ್ಟಳು.

ಯಾರನ್ನೂ ಕಳಿಸಿರಲಿಲ್ಲ. ಇಷ್ಟು ವರ್ಷ ಉಗಿ, ಕೊಳವೆ, ಒತ್ತಡ ಅಂತ ತಲೆ ಕೆಡಿಸಿಕೊಂಡವರು ಹಡಗು ನಿಜಕ್ಕೂ ಆಚೆ ದಡ ಮುಟ್ಟುತ್ತೆ ಅಂತ ಒಬ್ಬರೂ ಯೋಚಿಸಿರಲಿಲ್ಲ. ಮದುವೆಯ ಗಡಿಬಿಡಿಯಲ್ಲಿ ಗಂಡನ್ನೇ ಕರೆಯಲು ಮರೆತ ಹಾಗೆ. ಹಡಗಿನಿಂದ ಎಸೆದ ಹಗ್ಗವನ್ನು ದಡದಲ್ಲಿ ಒಬ್ಬ ಹಿಡಿದು ಗೂಟಕ್ಕೆ ಸುತ್ತದಿದ್ದರೆ ಹಡಗು ಕಟ್ಟುವ ಮಾತೇ ಇಲ್ಲ. ನೀರು ಇಳಿಯುತ್ತಿದ್ದ ಹೊತ್ತು, ಸೆಳೆತ ಜೋರು, ಕ್ಷಣದಲ್ಲಿ ಕೆಳಕ್ಕೆ ಒಯ್ಯುತ್ತೆ. ಆಚೆ ಧಕ್ಕೆಯೋ, ಸೇತುವೆ ಬಂದಾಗಿನಿಂದ ಗೇಟಿಗೆ ಬೀಗ ಬಿದ್ದ ಜಾಗ.

‘ಡೆಕ್ಕಿನಲ್ಲಿ ಮಾವ ಇದ್ದಾನೆ, ಹಗ್ಗ ಎಸೀಲಿ ಅನ್ನಿ,’ ಅಂದಳು.

‘ಯಾರಿಗೆ ಎಸೀಬೇಕು?’

‘ಎಸೀಲಿ ಅಂದೆನಲ್ಲ.’

ಮಾವ ಎಸೆದ. ಮಂಜಿನೊಳಕ್ಕೆ. ಎಂಜಿನ್ ರೂಮಿನಲ್ಲಿ ಕೆಂಡಕ್ಕನಿಗೆ ಏನೂ ಕಾಣುವುದಿಲ್ಲ. ಅವಳು ತಗಡಿಗೆ ಅಂಗೈ ಇಟ್ಟು ಕಾದಳು. ಹಗ್ಗ ನೀರಿಗೆ ಬಿದ್ದರೆ ಚಳಕ್ ಅನ್ನಬೇಕು.

ಅನ್ನಲಿಲ್ಲ.

ಹಡಗು ಒಮ್ಮೆ ಜರ್ರನೆ ಜಗ್ಗಿ ನಿಂತಿತು. ಹಗ್ಗ ಬಿಗಿಯಾಗುವ ನರಳಿಕೆ ತಗಡಿನ ಮೂಲಕ ಅವಳ ಅಂಗೈಗೆ ಬಂತು... ಕರ್ರ್... ಕರ್ರ್. ಮೆಲ್ಲಗೆ, ಬಹಳ ಮೆಲ್ಲಗೆ, ಗೊರಕೆಯ ಪಕ್ಕೆ ಧಕ್ಕೆಗೆ ತಾಗಿತು.

‘ಯಾರೋ ಹಿಡಿದ್ರು,’ ಅಂದ ಪೈಲಟ್. ಅವನ ದನಿ ಪಿಸುಮಾತಾಗಿತ್ತು.

ಇನ್ಸ್‌ಪೆಕ್ಟರ್ ಗಡಿಯಾರ ನೋಡಿಕೊಂಡ. ಕಟ್ಟಿದ್ದಾಯಿತು, ವಾಪಸು ಹೊರಡಿ ಅಂದ. ಹಗ್ಗ ಬಿಚ್ಚಲು ಮಾವ ದಡಕ್ಕೆ ಜಿಗಿದ. ಅಲ್ಲಿ ಯಾರೂ ಇರಲಿಲ್ಲ. ಗೂಟದ ಮೇಲೆ ಗಂಟು ಇತ್ತು. ಮಾವನ ಕೈಗೆ ಅದು ಬಿಚ್ಚಲಿಲ್ಲ. ಹಗ್ಗದ ಮಾವನ ಕೈಗೆ. ಕಡೆಗೆ ಕೊಡಲಿ ತಂದು ಗಂಟಿನ ಈಚೆಗೆ ಕಡಿದು ಹತ್ತಿದ.

ಗೊರಕೆ ತನ್ನದೇ ಉಗಿಯಲ್ಲಿ ಹೋಯಿತು, ತನ್ನದೇ ಉಗಿಯಲ್ಲಿ ಬಂತು. ಗುಜರಿಯವನ ಟಗ್ ಖಾಲಿ ಕೈಯಲ್ಲಿ ಹೋಯಿತು. ಈಗಲೂ ಭಾನುವಾರ ಓಡುತ್ತೆ, ಮಕ್ಕಳನ್ನು ಕರೆದುಕೊಂಡು ಹೋಗಿ. ಗಂಟೆಗೆ ಹೊಸ ತಂತಿ ಹಾಕಿದ್ದಾಳೆ. ಮುಳ್ಳು ಆ ಕಡೇ ಗುರುತಿಗೆ ಹೋಗದ ಹಾಗೆ ನಡುವೆ ಒಂದು ಬೋಲ್ಟ್ ಕೂಡ ಕೂರಿಸಿದ್ದಾಳೆ. ಇನ್ಸ್‌ಪೆಕ್ಟರ್ ಯಾಕೆ ಅಂತ ಕೇಳಿದ್ದಕ್ಕೆ, ‘ಆ ಮಾತು ಈ ಹಡಗಲ್ಲಿ ಬೇಕಾಗಿಲ್ಲ’ ಅಂದಳು.

ಮಾವ ಗಂಟಿನ ಸಂಗತಿ ಹೇಳಿದಾಗ ಅವಳು ಕೈ ಒರೆಸಿಕೊಳ್ಳುತ್ತ ಒಂದೇ ಮಾತು ಆಡಿದ್ದು: ‘ಅಂತೂ ಕೆಲಸಕ್ಕೆ ಬಂದ.’

ನನಗೆ ನಂಬಿಕೆ ಬರಲಿಲ್ಲ. ಮಾರನೆಯ ದಿನ ಮಾವನನ್ನು ಕರೆದುಕೊಂಡು ಸೇತುವೆ ದಾಟಿ ಆಚೆ ಧಕ್ಕೆಗೆ ಹೋದೆ. ಗೇಟಿನ ಬೀಗ ತುಕ್ಕು ಹಿಡಿದು ಕೂತಿತ್ತು, ಕೀಲಿ ತೂತಿನಲ್ಲಿ ಜೇಡ ಗೂಡು ಕಟ್ಟಿತ್ತು. ಕಬ್ಬಿಣದ ಬೇಲಿ ಹತ್ತಿ ಇಳಿದೆವು, ಈ ವಯಸ್ಸಿನಲ್ಲಿ. ಗಂಟು ಅಲ್ಲೇ ಇತ್ತು. ಮೊದಲು ನೋಡಿದರೆ ದಿನಾ ಧಕ್ಕೆಯಲ್ಲಿ ಹಾಕುವ ಗಂಟೇ. ಮಾವ ಬಗ್ಗಿ ಬಹಳ ಹೊತ್ತು ನೋಡಿದ. ಬೆರಳಿನಿಂದ ಸುತ್ತು ಸುತ್ತೂ ಹಿಂಬಾಲಿಸಿದ.

‘ಎಡಬಲ ಅದಲುಬದಲಾಗಿದೆ,’ ಅಂದ. ‘ನಾವು ಕಟ್ಟೋದನ್ನ ಎದುರು ನಿಂತು ಬರೀ ನೋಡಿದವನು, ನೋಡಿದ ಹಾಗೇ ಕಟ್ಟಿದ್ದು.’

ನಾನು ಹಗ್ಗ ಮಾರುವವನು. ಗಂಟು ನನಗೆ ಗೊತ್ತು. ಕೈಯಿಂದ ಮುಟ್ಟಿ ನೋಡಿದ್ದೇನೆ... ಸುತ್ತುಗಳು ಎಲ್ಲಾ ಇದ್ದವು, ಒಂದೂ ತಪ್ಪಿರಲಿಲ್ಲ, ಒಂದೊಂದೂ ಉಲ್ಟಾ ಇತ್ತು.